ಮುಂಬೈ ಸಮುದ್ರಕ್ಕೆ ಒಯ್ದ ಉಡಿ

ಮಲ್ಲು ಎರಡೂ ಕೈಯಿಂದ ಹಾಯಿಯ ಕಂಬವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಕೈ ಖಾಲಿ ಇರಲಿಲ್ಲ, ಹಾಗಾಗಿ ಉಡಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದ. ಗಾಳಿ ಬೀಸಿ ಹಾಯಿ ಉಬ್ಬಿತು. ದೋಣಿ ಬಲಕ್ಕೆ ವಾಲಿತು. ಮಲ್ಲು ಗಂಟಲಿನಿಂದ ಏನೋ ಸದ್ದು ಮಾಡಿದ.

"ಬಾಯಿ ಬಿಡಬ್ಯಾಡಲೇ, ಆಯಿ ಉಡಿ ನೀರಾಗ ಬೀಳ್ತದ," ಎಂದು ಶರಣು ಹೇಳಿದ.

"ನೀರಾಗ ಹಾಕಾಕೇ ತಂದೀವಲ್ಲ," ಎಂದೆ ನಾನು.

"ಹಾಕೋದು ಬ್ಯಾರೆ, ಬೀಳೋದು ಬ್ಯಾರೆ. ಬಿದ್ರ ಹರಕಿ ತೀರಂಗಿಲ್ಲ."

ಚುಕ್ಕಾಣಿ ಹಿಡಿದಿದ್ದ ಕಾಕಾ ನಮ್ಮನ್ನು ನೋಡಿ ನಗುತ್ತಿದ್ದ. ಹಿಂದೆ ಗೇಟ್‌ವೇ ಕಮಾನು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ನೀರು ಹಸಿರೂ ಅಲ್ಲ, ನೀಲಿಯೂ ಅಲ್ಲ, ಚಹಾದ ಬಣ್ಣ. ನೋಡಲು ನಮ್ಮ ಹೊಳೆಯ ಹೊಸ ನೀರಿನ ಹಾಗೇ ಇತ್ತು.

ಅಲ್ಲಿಗೆ ಹೇಗೆ ಹೋದೆವು ಎಂದು ಮೊದಲು ಹೇಳುತ್ತೇನೆ.

ನನ್ನ ಹೆಸರು ಸಿದ್ದು, ಊರು ಆಳಂದ ತಾಲೂಕಿನ ನರೋಣಾ. ಕಬ್ಬಿನ ಹಂಗಾಮಿನಲ್ಲಿ ಭೂಸನೂರ ಕಡೆ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರ್‌ನಲ್ಲಿ ಕಬ್ಬು ಸಾಗಿಸುತ್ತೇನೆ. ಶರಣು ಜೇವರ್ಗಿಯವನು. ಮೊದಲು ನನ್ನ ಜೊತೆ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಈಗ ಲಾರಿಯಲ್ಲಿ ತೊಗರಿಬೇಳೆ ಹೇರಿಕೊಂಡು ಮುಂಬೈಗೆ ಹೋಗಿ ಬರುತ್ತಾನೆ. ಮಲ್ಲು ಅಫಜಲಪುರ ತಾಲೂಕಿನವನು, ಅವನ ಹೊಲ ಭೀಮಾ ಹೊಳೆಯ ದಂಡೆಗೇ ಇದೆ. ಅವನ ಕಬ್ಬು ಹೇರಲು ಹೋದಾಗ ಗೆಳೆಯನಾದ. ನನಗೆ ಈಜು ಕಲಿಸಿದವನು ಅವನೇ. ನಡುಹೊಳೆಗೆ ಒಯ್ದು ಕೈ ಬಿಟ್ಟ, ಕಲಿತೆ. ಕಲಿಸುವುದೆಂದರೆ ಅವನ ಪ್ರಕಾರ ಅಷ್ಟೇ.

ಹೋದ ಮಳೆಗಾಲ ಮಹಾರಾಷ್ಟ್ರದ ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟರು. ಪಂಪಿನ ಮೋಟರು ಮೇಲೆ ತರಲು ಮಲ್ಲು ದಂಡೆಗೆ ಇಳಿದ. ಮೋಟರು ಬಿಚ್ಚುವಷ್ಟರಲ್ಲಿ ಹಿಂದೆಯೂ ನೀರು ಬಂತು. ಒಂದು ಜಾಲಿಮರ ಹತ್ತಿ ಮುಂಜಾನೆಯಿಂದ ಸಂಜೆವರೆಗೆ ಮುಳ್ಳಿನಲ್ಲಿ ಕುಳಿತ. ಅವನ ಆಯಿ, ಅಂದರೆ ಅಪ್ಪನ ತಾಯಿ, ದಂಡೆಯ ಮೇಲೆ ನಿಂತು ಹೊಳೆಗೆ ಹರಕೆ ಹೊತ್ತಳು: ಮೊಮ್ಮಗನನ್ನು ಉಳಿಸಿಕೊಡು, ನೀನು ಹೋಗಿ ಸೇರುವ ಸಮುದ್ರಕ್ಕೇ ಅವನನ್ನು ಕಳಿಸಿ, ಅವನ ಕೈಯಿಂದ ನಡುನೀರಿನಲ್ಲಿ ನಿನ್ನ ಉಡಿ ತುಂಬಿಸುತ್ತೇನೆ. ಸಂಜೆ ದೋಣಿ ಬಂದು ಅವನನ್ನು ಇಳಿಸಿಕೊಂಡಿತು.

"ಊರಾಗೇ ತುಂಬತೇನಿ ಅಂದಿದ್ರ ಸಾಕಿತ್ತಲ್ಲ ಆಯಿ," ಎಂದು ನಾನು ಆಮೇಲೆ ಕೇಳಿದ್ದೆ.

"ಅವತ್ತ ಹೊಳಿ ಅಷ್ಟು ದೊಡ್ಡದಿತ್ತೋ ಯಪ್ಪಾ. ಸಣ್ಣ ಹರಕಿ ಅಕಿ ಕಿವಿಗಿ ಬೀಳ್ತಿದ್ದಿಲ್ಲ," ಎಂದಳು.

ಅಂದಿನಿಂದ ಮಲ್ಲು ಹೊಳೆಗೆ ಕಾಲಿಟ್ಟಿಲ್ಲ. ಪಂಪಿನ ಪೈಪು ನೀರಿಗೆ ಇಳಿಸಬೇಕಾದರೆ ಪಕ್ಕದ ಹೊಲದವರನ್ನು ಕರೆಯುತ್ತಾನೆ. ಅವರು ಮುಖದ ಮುಂದೆ ಏನೂ ಅನ್ನುವುದಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚುತ್ತದೆ. ಹರಕೆ ತೀರುವವರೆಗೆ ಅಂಜಿಕೆ ಹೋಗುವುದಿಲ್ಲ ಎಂದು ಆಯಿ ಹೇಳಿದ್ದಳು. ಅವನು ಅದನ್ನು ನಂಬಿದ್ದ. ನನಗೆ ನಂಬಿಕೆ ಇರಲಿಲ್ಲ. ಆದರೆ ನಡುಹೊಳೆಯಲ್ಲಿ ಈಜುತ್ತಿದ್ದವನು ಬಕೆಟ್ಟಿನ ಮುಂದೆ ಕುಳಿತು ಸ್ನಾನ ಮಾಡುವುದನ್ನು ನೋಡಲು ಆಗುತ್ತಿರಲಿಲ್ಲ.

"ಸಮುದ್ರ ಅಂದ್ರ ಮುಂಬೈ. ನಾ ನೋಡೀನಿ," ಎಂದ ಶರಣು. ಅದಕ್ಕಿಂತ ಹೆಚ್ಚು ಯಾರೂ ವಿಚಾರ ಮಾಡಲಿಲ್ಲ.

ಫೆಬ್ರವರಿ ಕೊನೆಗೆ ಕಾರ್ಖಾನೆ ಬಂದ್ ಆಯಿತು. ನಾನೂ ಶರಣುವೂ ಕಲಬುರಗಿಯಲ್ಲಿ ಬೆಳಗಿನ ಗಾಡಿ ಹತ್ತಿದೆವು, ಮಲ್ಲು ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಹತ್ತಿದ. ಅವನ ಬಗಲಲ್ಲಿ ಉಡಿಯ ಗಂಟು, ಇನ್ನೊಂದು ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಪುಂಡಿಪಲ್ಯ. ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣ ಬೇರು, ಉತ್ತತ್ತಿ, ಅಡಿಕೆ, ಹಸಿರು ಬಳೆ, ಕುಪ್ಪಸದ ಖಣ. ಅದನ್ನು ನೆಲಕ್ಕೆ ಇಡಬಾರದೆಂದು ಆಯಿ ಹೇಳಿದ್ದಳಂತೆ. ಸೀಟು ಸಿಕ್ಕ ಮೇಲೂ ತೊಡೆಯಿಂದ ಇಳಿಸಲಿಲ್ಲ. ಎದುರಿನ ಹೆಂಗಸು, "ಕೂಸು ಎಷ್ಟು ತಿಂಗಳದ್ದರಿ?" ಎಂದು ಕೇಳಿದಳು. ಆಮೇಲೆ ಹತ್ತಿರ ನೋಡಿ ತಾನೇ ನಾಚಿದಳು. ಶರಣು ಸೊಲ್ಲಾಪುರದವರೆಗೆ ನಕ್ಕ.

ದೌಂಡ್ ಹತ್ತಿರ ಗಾಡಿ ಒಂದು ಸೇತುವೆಯ ಮೇಲೆ ಹೋಯಿತು. ಇದು ಯಾವ ಹೊಳೆ ಎಂದು ಕೇಳಿದೆ. ಪಕ್ಕದವನು ಭೀಮಾ ಎಂದ.

"ನೋಡಲೇ ಮಲ್ಲು, ನಿಮ್ಮ ಹೊಳಿ ನಮ್ಮ ಜೋಡಿ ಮುಂಬೈಗೇ ಹೊಂಟದ," ಎಂದ ಶರಣು.

ಮಲ್ಲು ಕಿಟಕಿಯ ಕಡೆ ತಿರುಗಲಿಲ್ಲ. ಸೇತುವೆ ಮುಗಿಯುವವರೆಗೆ ಗಂಟಿನ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ. ನೀರು ಯಾವ ಕಡೆ ಹರಿಯುತ್ತಿದೆ ಎಂದು ನಾವೂ ನೋಡಲಿಲ್ಲ.

ಖಂಡಾಳ ಘಾಟಿನಲ್ಲಿ ಸುರಂಗ ಬಂದವು. ಚಂದ ಇವೆ ಎನ್ನುತ್ತಾರೆ. ಸುರಂಗದಲ್ಲಿ ಕತ್ತಲೆ ಬಿಟ್ಟು ನನಗೇನೂ ಕಾಣಲಿಲ್ಲ. ಮುಂಬೈ ಮುಟ್ಟಿ, ಶರಣು ಲಾರಿ ನಿಲ್ಲಿಸುವ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಮಲಗಿದೆವು. ಉಡಿಯನ್ನು ಮಲ್ಲು ಗೋಡೆಯ ಮೊಳೆಗೆ ನೇತುಹಾಕಿದ.

ಮರುದಿನ ಮಧ್ಯಾಹ್ನ ಗೇಟ್‌ವೇಗೆ ಹೋದೆವು. ಬಿಸಿಲು ನಮ್ಮ ಕಡೆಗಿಂತ ಕಡಿಮೆ, ಬೆವರು ಹೆಚ್ಚು. ಮೊದಲು ಗುಹೆಯ ದ್ವೀಪಕ್ಕೆ ಹೋಗುವ ದೊಡ್ಡ ಲಾಂಚಿನವನನ್ನು ಕೇಳಿದೆವು. ನಡುನೀರಿನಲ್ಲಿ ನಿಲ್ಲಿಸುವುದಿಲ್ಲ, ಏನಾದರೂ ಎಸೆದರೆ ದಂಡ ಹಾಕುತ್ತಾರೆ ಎಂದ. ಆಗ ಶರಣು ಫೋನಿನಲ್ಲಿ ಹುಡುಕಿ ಒಂದು ಹಾಯಿದೋಣಿಯನ್ನು ನಮ್ಮ ಮೂವರಿಗೇ ಹಿಡಿದ. ಎರಡು ತಾಸಿಗೆ ಮೂರು ಸಾವಿರ. ಸಾಹುಕಾರರು ಹುಟ್ಟಿದ ಹಬ್ಬಕ್ಕೆ ಅದರಲ್ಲಿ ಹೋಗಿ ಕೇಕ್ ಕತ್ತರಿಸುತ್ತಾರಂತೆ.

ದೋಣಿಯ ಮಾಲೀಕ ಅರವತ್ತು ದಾಟಿದ ಕೋಲಿ ಜಾತಿಯ ಮನುಷ್ಯ, ಮೀನುಗಾರರ ಮನೆತನ. ನಾವು ಕಾಕಾ ಎಂದು ಕರೆದೆವು. ಅವನ ಮಾತು ಮರಾಠಿ. ಆಳಂದ ಕಡೆಯವರಿಗೆ ಮರಾಠಿ ಅಷ್ಟಿಷ್ಟು ಬರುತ್ತದೆ, ಹಾಗಾಗಿ ಮಾತು ನನ್ನ ಪಾಲಿಗೆ ಬಂತು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಕಾಕಾ ಮೂವರಿಗೂ ತೇಲುವ ಅಂಗಿ ಹಾಕಿಸಿದ. ಮಲ್ಲು ಒಂದರ ಮೇಲೊಂದು ಎರಡು ಹಾಕಿಕೊಂಡ. ಸಣ್ಣ ದೋಣಿಯಲ್ಲಿ ಕರೆದೊಯ್ದು ದೊಡ್ಡದಕ್ಕೆ ಹತ್ತಿಸಿದರು. ಮಲ್ಲುವನ್ನು ನಾನು ಕೆಳಗಿನಿಂದ ದೂಡಿದೆ, ಶರಣು ಮೇಲಿನಿಂದ ಎಳೆದ. ಎತ್ತನ್ನು ಟ್ರಾಲಿಗೆ ಹತ್ತಿಸಿದ ಹಾಗೆ.

ಹಾಯಿ ಏರಿತು. ಇಂಜಿನ್ ಸದ್ದಿಲ್ಲ. ನಾನು ದಿನವೂ ಇಂಜಿನ್ ಮೇಲೆ ಕೂರುವವನು, ಸದ್ದಿಲ್ಲದೆ ಗಾಡಿ ಹೋಗುವುದು ನನಗೆ ಹೊಸದು. ಛಲೋ ಅನಿಸಿತು. ಮಲ್ಲು ಮಾತ್ರ ಕಂಬ ಅಪ್ಪಿಕೊಂಡವನು ಬಿಡಲೇ ಇಲ್ಲ.

ಕಾಕಾ ಕೇಳಿದ, "ಗಂಟಿನಲ್ಲಿ ಏನು?"

ನಾನು ಹರಕೆಯ ಕತೆ ಹೇಳಿದೆ. ಭೀಮಾ ಎಂದ ಕೂಡಲೇ ಅವನು ಚುಕ್ಕಾಣಿ ಬಿಟ್ಟು ಕೈ ಮುಗಿದ.

"ಪಂಢರಪುರದಲ್ಲಿ ನಾವು ಚಂದ್ರಭಾಗಾ ಅನ್ನುವುದು ಅದನ್ನೇ. ಪ್ರತಿ ಆಷಾಢಕ್ಕೆ ನಡೆದು ಹೋಗಿ ಅದರಲ್ಲಿ ಮೀಯುತ್ತೇನೆ. ಆದರೆ ತಮ್ಮಾ, ಅದು ಇಲ್ಲಿಗೆ ಬರುವುದಿಲ್ಲ."

"ಬರುವುದಿಲ್ಲ ಅಂದ್ರೆ?"

"ಘಾಟಿನ ಆಚೆ ಹುಟ್ಟಿ ನಿಮ್ಮ ಕಡೆಗೇ ಹರಿಯುತ್ತದೆ. ಮುಂದೆ ಕೃಷ್ಣೆಗೆ ಸೇರಿ ಆಂಧ್ರದ ಸಮುದ್ರಕ್ಕೆ ಹೋಗುತ್ತದೆ. ಈ ಸಮುದ್ರ ಬೇರೆ, ಆ ಸಮುದ್ರ ಬೇರೆ."

ನಾನು ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಬಾರದಿತ್ತು. ಹೇಳಿಬಿಟ್ಟೆ. ಮಲ್ಲು ಕಣ್ಣು ತೆರೆದ. ಗಂಟನ್ನು ಬಾಯಿಯಿಂದ ತೆಗೆದು ಎದೆಗೆ ಒತ್ತಿಕೊಂಡ. ಕಂಬದ ಬುಡದಲ್ಲೇ ಕುಸಿದು ಕುಳಿತ.

"ಸಮುದ್ರ ಅಂದ್ರ ಮುಂಬೈ ಅಂದಿಯಲ್ಲಲೇ," ಎಂದೆ ಶರಣುಗೆ.

"ನೀ ಹೌದು ಅಂದಿಯಲ್ಲ."

"ನಾ ಏಳನೇತ್ತಾ ಫೇಲ್ ಆದಾಂವ. ನೀ ಹತ್ತರ ತನಕ ಕಲ್ತೀದಿ. ನಕ್ಷಾ ನೋಡಿದ್ದಿಲ್ಲೇನು?"

"ನಕ್ಷಾದಾಗ ನಾ ಜೇವರ್ಗಿ ಅಷ್ಟೇ ಹುಡುಕತಿದ್ದೆ. ಅದೂ ಸಿಗ್ತಿದ್ದಿಲ್ಲ."

ಮಲ್ಲು ಮೆಲ್ಲಗೆ ಹೇಳಿದ, "ಜಗಳಾಡಬ್ಯಾಡ್ರಿ. ಹೊಳ್ಳಿ ಹೋಗೋಣು. ಆಯಿಗಿ ನಾ ಹೇಳ್ತೇನಿ." ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಉಡಿ ಹಾಕದೆ ವಾಪಸ್ ಹೋದರೆ ಇವನು ಮತ್ತೆಂದೂ ನೀರಿನ ಹತ್ತಿರ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಕಾಕಾ ಹಾಯಿಯ ಹಗ್ಗ ಸಡಿಲು ಬಿಟ್ಟ. ದೋಣಿ ನಿಂತಿತು. ನಮ್ಮ ರೊಟ್ಟಿ ಚೀಲಕ್ಕೆ ಕೈ ಚಾಚಿದ. ನಾನು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟೆ. ಕಟಕಟ ಎಂದು ಅಗಿಯುತ್ತ ಪಶ್ಚಿಮದ ಕಡೆ ಗದ್ದ ಎತ್ತಿ ತೋರಿಸಿದ.

"ಮೇ ಕೊನೆಗೆ ನಾನು ಈ ದೋಣಿಯನ್ನು ದಂಡೆಗೆ ಎಳೆದು ಕಟ್ಟುತ್ತೇನೆ. ಯಾಕೆಂದರೆ ಅಲ್ಲಿಂದ ಮೋಡ ಏಳುತ್ತದೆ. ನಮ್ಮ ಮೇಲೆ ಅಷ್ಟು ಸುರಿಯುತ್ತದೆ, ಉಳಿದದ್ದು ಹೊತ್ತುಕೊಂಡು ಹೋಗಿ ಘಾಟಿಗೆ ಡಿಕ್ಕಿ ಹೊಡೆಯುತ್ತದೆ. ಭೀಮಾ ಹುಟ್ಟುವ ಭೀಮಾಶಂಕರದಲ್ಲಿ ಮಳೆ ಅಂದರೆ ಈ ನೀರೇ. ಅದೇ ಹರಿದು ನಿಮ್ಮ ಕಡೆ ಬರುತ್ತದೆ."

ನಾನು ಇದನ್ನೂ ಹೇಳಿದೆ. ಹೇಳುವಾಗ ಸುಮ್ಮನೆ ಮಳೆಯ ಮಾತು ಎಂದುಕೊಂಡಿದ್ದೆ. ಮಲ್ಲು ಬಹಳ ಹೊತ್ತು ನೀರಿನ ಕಡೆ ನೋಡಿದ. ಊರು ಬಿಟ್ಟ ಮೇಲೆ ಅವನು ನೀರನ್ನು ನೋಡಿದ್ದು ಆಗಲೇ.

"ಹಂಗಂದ್ರ ಇದು ಅಕಿ ತವರಮನಿ," ಎಂದ.

ಆಮೇಲೆ ನನ್ನ ಕಡೆ ತಿರುಗಿದ.

"ಮಗಳ ಉಡಿ ಎಲ್ಲಿ ತುಂಬತಾರಲೇ ಸಿದ್ದು? ಗಂಡನ ಮನ್ಯಾಗೋ, ತವರಮನ್ಯಾಗೋ?"

"ತವರಮನ್ಯಾಗ," ಎಂದೆ. ನನ್ನ ಅಕ್ಕನ ಉಡಿಗೆ ಅಕ್ಕಿ ತಂದವನು ನಾನೇ, ಅಷ್ಟೂ ಗೊತ್ತಿಲ್ಲವೇ?

"ಮತ್ತ ನಾವು ಬರೋಬ್ಬರ್ ಜಾಗಾಕ್ಕೇ ಬಂದೀವಿ," ಎಂದು ಶರಣು ಎದ್ದ. "ನಾ ಸುಮ್ಮ ಕರಕೊಂಡು ಬಂದೀನೇನು?"

ಮಲ್ಲು ಗಂಟು ಬಿಚ್ಚಿದ. ಖಣ ಕಂಡು ಕಾಕಾ ಬೇಡ ಎಂದು ಕೈ ಅಲ್ಲಾಡಿಸಿದ. "ಕಾಯಿ ಕೊಡು, ಅಕ್ಕಿ ಕೊಡು. ನಾವೂ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಕೊಡುತ್ತೇವೆ. ಬಟ್ಟೆ ಬೇಡ, ಬಲೆಗೆ ಸುತ್ತುತ್ತದೆ. ಮುಳುಗಿಸಿ ವಾಪಸ್ ಒಯ್ಯಿ, ಅಜ್ಜಿಗೆ ಪ್ರಸಾದ."

ಉಡಿಯನ್ನು ಒಂದು ಕೈಯಿಂದ ಹಾಕುವಂತಿಲ್ಲ. ಎರಡೂ ಕೈ ಬೇಕು. ಮಲ್ಲು ಕಂಬ ಬಿಡಬೇಕಾಯಿತು. ಒಂದು ಕೈ ಬಿಟ್ಟ, ಮತ್ತೆ ಹಿಡಿದ. ಮತ್ತೆ ಬಿಟ್ಟ. ನಾನು ಅವನ ಬೆಲ್ಟು ಹಿಡಿದೆ, ಶರಣು ನನ್ನ ಬೆಲ್ಟು ಹಿಡಿದ. ಅಂಚಿನವರೆಗೆ ನಾಲ್ಕು ಹೆಜ್ಜೆ. ಅಷ್ಟಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿಯಿತು.

"ಬಿಡಬ್ಯಾಡಲೇ ಸಿದ್ದು."

"ನೀ ನನ್ನ ನಡುಹೊಳ್ಯಾಗ ಬಿಟ್ಟಿದ್ದಿ. ನೆನಪದನ?"

"ಅದಕ್ಕೇ ಹೇಳಾಕತ್ತೇನಿ, ಬಿಡಬ್ಯಾಡ."

ಬಿಡಲಿಲ್ಲ. ಅವನು ಮೊಣಕಾಲೂರಿ, ಬಗ್ಗಿ, ಎರಡೂ ಕೈ ಸೇರಿಸಿ ಅಕ್ಕಿ ಹಾಕಿದ. ಅರಿಷಿಣ, ಅಡಿಕೆ, ಉತ್ತತ್ತಿ, ಬಳೆ. ಬಳೆ ಮುಳುಗುವುದನ್ನು ಮೂವರೂ ನೋಡಿದೆವು. ಕಡೆಗೆ ಕಾಯಿ. ಅದು ಮುಳುಗದೆ ತೇಲಿತು. ಭರತಿಯ ಹೊತ್ತು, ನೀರು ಒಳಕ್ಕೆ ಬರುತ್ತಿತ್ತು. ಕಾಯಿ ಪೂರ್ವಕ್ಕೆ, ಘಾಟಿನ ಕಡೆಗೆ ಹೊರಟಿತು. ಮಲ್ಲು ಖಣವನ್ನು ನೀರಿನಲ್ಲಿ ಅದ್ದಿ ಹಿಂಡಿದ. ಮೊಳಕೈವರೆಗೆ ಕೈ ನೀರಿನೊಳಗೆ ಇತ್ತು. ಹಿಂಡಿದ ಮೇಲೂ ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಬಿಟ್ಟಿದ್ದ. ನಾನು ಬೆಲ್ಟು ಹಿಡಿದೇ ಇದ್ದೆ, ಕೈ ಜೋಮು ಹಿಡಿಯಿತು.

ವಾಪಸ್ ಬರುವಾಗ ಅವನು ಕಂಬ ಹಿಡಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಡಿದಿದ್ದ. ಒಂದು ಕೈಯಿಂದ. ಇನ್ನೊಂದು ಕೈಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಉಳಿದ ಹಿಂಡಿಯನ್ನು ಕಾಕಾನಿಗೇ ಕೊಟ್ಟೆವು. ಆಷಾಢದಲ್ಲಿ ಪಂಢರಪುರದಲ್ಲಿ ಮುಳುಗು ಹಾಕುವಾಗ ನಿಮ್ಮನ್ನು ನೆನೆಯುತ್ತೇನೆ ಎಂದ.

ಮರುದಿನ ಬೆಳಗಿನ ಗಾಡಿ. ದೌಂಡ್ ಹತ್ತಿರ ಅದೇ ಸೇತುವೆ ಬಂತು. ಮಲ್ಲು ಕಿಟಕಿಗೆ ಮುಖ ಹಚ್ಚಿ ನೋಡಿದ. "ನಮ್ಮೂರ ಕಡೀಗೇ ಹೊಂಟಾಳ," ಎಂದ. ಮೂವರೂ ಗಾಣಗಾಪುರ ರೋಡ್‌ನಲ್ಲಿ ಇಳಿದು ಅವನ ಊರಿಗೇ ಹೋದೆವು.

ಆಯಿ ಖಣವನ್ನು ಮೂಗಿಗೆ ಹಿಡಿದಳು. ಆಮೇಲೆ ನಾಲಿಗೆಗೆ ಹಚ್ಚಿ ನೋಡಿದಳು. "ಉಪ್ಪದ. ಖರೇ ಸಮುದ್ರಕ್ಕೇ ಹೋಗಿ ಬಂದೀರಿ," ಎಂದಳು. ಮಲ್ಲು ತಪ್ಪಿದ್ದನ್ನು ಬಿಡದೆ ಎಲ್ಲಾ ಹೇಳಿದ. ಅದು ಗಂಡನ ಮನೆಯಲ್ಲ, ತವರಮನೆ ಎಂದ. ನಾನೂ ಶರಣುವೂ ಬೈಗುಳಕ್ಕೆ ತಯಾರಾಗಿ ಗೋಡೆಗೆ ಒರಗಿ ನಿಂತಿದ್ದೆವು. ಆಯಿ ಖಣ ಮಡಿಚಿದಳು.

"ಛಲೋ ಆತು ಬಿಡು. ಇನ್ನ ಈ ಹೊಳಿ ಗದ್ಲ ಮಾಡಿದ್ರ ಅಕಿ ಅವ್ವಗ ಹೇಳ್ತೇನಿ."

ಮರುದಿನ ಮುಂಜಾನೆ ಪಂಪಿಗೆ ನೀರು ಬರಲಿಲ್ಲ. ಪೈಪಿನ ಬಾಯಿಗೆ ಕಸ ಸುತ್ತಿತ್ತು. ಪಕ್ಕದ ಹೊಲದವನು ಅಂಗಿ ಬಿಚ್ಚುತ್ತ ಬಂದ. ಮಲ್ಲು ಅವನಿಗೆ, "ನಿಂದ್ರಣ್ಣ," ಎಂದ. ಪ್ಯಾಂಟು ಮಡಿಚಿ ಹೊಳೆಗೆ ಇಳಿದ. ಮೊಳಕಾಲಿನವರೆಗೆ ಹೋದ. ಅದಕ್ಕಿಂತ ಮುಂದೆ ಹೋಗಲಿಲ್ಲ. ಅಲ್ಲೇ ನಿಂತು ಪೈಪು ಎಳೆದು ಕಸ ಕಿತ್ತ. ನನ್ನ ಕಡೆ ತಿರುಗಿ ನೋಡಿದ. ನಾನು ಬೆಲ್ಟು ಹಿಡಿದಿರಲಿಲ್ಲ, ದಂಡೆಯ ಮೇಲೆ ಚಹಾ ಕುಡಿಯುತ್ತಿದ್ದೆ.

ಮೋಟರು ಹಾಕಿದ, ನೀರು ಬಂತು. ನನಗೆ ಹೇಳಲು ಮತ್ತೇನೂ ಇಲ್ಲ.