ಮನೆಗೊಂದು ಬಣ್ಣ ಹಚ್ಚಿದ ಪೇಂಟರಣ್ಣ

ಬೆಳಕು ಹರಿಯುವ ಹೊತ್ತು. ಮೂರನೇ ಮಹಡಿಯ ಮನೆಯೊಂದರ ಒಳಗೆ ಪೇಂಟರಣ್ಣ ಮಂಡಿಯೂರಿ ಕೂತು ಮುಂಬಾಗಿಲಿನ ಒಳಮೈಗೆ ಬೂದು ಬಣ್ಣ ಎಳೆಯುತ್ತಿದ್ದಾರೆ. ಮನೆಮಂದಿಯೆಲ್ಲ ಇನ್ನೂ ಹಾಸಿಗೆಯಲ್ಲಿ. ಇದ್ದಕ್ಕಿದ್ದಂತೆ ಬಾಗಿಲ ಹಿಡಿಕೆ ಮೆಲ್ಲಗೆ ಕೆಳಗಿಳಿಯುತ್ತದೆ, ಸ್ವಲ್ಪ ಹೊತ್ತು ಹಾಗೇ ನಿಂತು ಮತ್ತೆ ಮೇಲೇಳುತ್ತದೆ. ಆಚೆ ಯಾರದೋ ಉಸಿರು. ಆಮೇಲೆ ಚಪ್ಪಲಿಯ ಸದ್ದು ಮುಂದಿನ ಬಾಗಿಲಿಗೆ ಸರಿಯುತ್ತದೆ. ಅವರ ಕೆಲಸ ನೋಡಲೆಂದು ಬಂದು ಪಕ್ಕದಲ್ಲೇ ನಿಂತಿದ್ದ ನಾನು ಹಿಂದೆ ಸರಿಯುತ್ತೇನೆ.

"ಹೆದರ್ಕೋಬೇಡಿ, ನಮ್ಮಮ್ಮ. ಮನೆ ಹುಡುಕ್ತಿದ್ದಾಳೆ," ಅನ್ನುತ್ತಾರೆ ಪೇಂಟರಣ್ಣ. "ಈಗ ತೆಗೆದ್ರೆ ಗಾಬರಿ ಆಗ್ತಾಳೆ. ಈ ಪಟ್ಟಿ ಮುಗಿಸಿ ಹೋಗ್ತೀನಿ."

ಅರವತ್ತು ಎಪ್ಪತ್ತು ವರ್ಷಗಳ ಹಿಂದಿನ ಬಡಾವಣೆ ಇದು. ಚಪ್ಪಟೆ ತಾರಸಿ, ಗೋಡೆಯಗಲದ ಕಿಟಕಿ, ಗೋಡೆಯೊಳಗೇ ಕೂರಿಸಿದ ಕಪಾಟು, ಕಟ್ಟಡಗಳ ನಡುವೆ ಧಾರಾಳ ಹುಲ್ಲು. ಒಂದು ಮನೆ ಖಾಲಿಯಾದರೆ ಸಾಕು, ಕೊಳ್ಳುವವರು ಮುಗಿಬೀಳುತ್ತಾರೆ. ಸುಳ್ಳೇಕೆ, ಒಳಗೆಲ್ಲ ಹರಡುವ ಬಿಸಿಲು ಕಂಡು ನನಗೂ ಆಸೆಯಾಯಿತು. ಆದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಮನೆಗಳು. ಪಕ್ಕದ ಕಟ್ಟಡ ಹತ್ತಿ, ಯಾರದೋ ಸೋಫಾದಲ್ಲಿ ಕಾಲು ಚಾಚಿ, "ಟೀ ಕೊಡೇ" ಅಂದವರು ಇಲ್ಲಿ ಬೇಕಾದಷ್ಟಿದ್ದಾರೆ.

ಆ ಫಜೀತಿ ತಪ್ಪಿಸಲೆಂದೇ ಮೂವತ್ತು ವರ್ಷದಿಂದ ಪೇಂಟರಣ್ಣ ಮನೆಗೊಂದು ಬಣ್ಣ ಹಚ್ಚುತ್ತ ಬಂದರು. ಉಜ್ಜಿ, ಪ್ರೈಮರ್ ಕೊಟ್ಟು, ಎರಡು ಕೋಟ್ ಹಚ್ಚಿದರೆ ದಿನಕ್ಕೆ ಎರಡೇ ಬಾಗಿಲು. ಅವರದೇ ಮನೆಯ ಬಾಗಿಲು ಕಡುಗೆಂಪಾಗಿತ್ತು. ಮರೆವಿನ ಕಾಯಿಲೆ ಹಿಡಿದ ಮೇಲೆ ಅಮ್ಮನಿಗೆ ಉಳಿದ ಗುರುತು ಅದೊಂದೇ. ಎಷ್ಟೇ ಅಲೆದರೂ ಕೆಂಪು ಕಂಡೊಡನೆ ಒಳಗೆ ಬಂದುಬಿಡುತ್ತಿದ್ದರು.

ಈಗ ನಿವಾಸಿಗಳ ಸಂಘಕ್ಕೆ ಹಳೆಯ ಚೆಂದದ ಹುಚ್ಚು ಹಿಡಿದಿದೆ. ಕಟ್ಟಿದಾಗ ಇದ್ದದ್ದು ಬೂದು, ಹಾಗಾಗಿ ಸಕಲವೂ ಬೂದಾಗಬೇಕಂತೆ. ಒಂದು ಬಾಗಿಲು ಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು!

"ನಮ್ಮದೊಂದು ಬಿಡಿ ಅಂತ ಕೈಮುಗಿದು ಕೇಳ್ದೆ. ಒಬ್ಬರಿಗೆ ಬಿಟ್ರೆ ಎಲ್ರೂ ಕೇಳ್ತಾರೆ ಅಂದ್ರು. ನಿನ್ನೆ ನಮ್ಮನೇದೂ ಬಳಿದೆ. ನನ್ನ ಕೈಯಾರೆ." ಅನ್ನುತ್ತ ಪೇಂಟರಣ್ಣ ಪಟ್ಟಿ ಮುಗಿಸುತ್ತಾರೆ.

ಕುಂಚ ತೊಳೆದು ಹೊರಗೆ ಬರುತ್ತೇವೆ. ಕಾರಿಡಾರಿನ ಉದ್ದಕ್ಕೂ ಮುಚ್ಚಿದ ಬೂದು ಬಾಗಿಲುಗಳು, ಎಲ್ಲೂ ಪಿಟ್ಟೆಂಬ ಸದ್ದಿಲ್ಲ. ಎಣಿಸದೆ ಹೋದರೆ ಯಾವುದು ಯಾರದೆಂದು ನನಗೂ ಹೊಳೆಯುವುದಿಲ್ಲ. ತುದಿಯಲ್ಲಿ, ಸ್ವಂತ ಮನೆಯ ಎದುರೇ ಅಮ್ಮ ನಿಂತಿದ್ದಾರೆ. ಮಗ ದಡಬಡಿಸಿ ಹೋಗಿ ಬಾಗಿಲು ತೆರೆದು, "ಬಾಮ್ಮ, ಒಳಗೆ ಬಾ," ಅನ್ನುತ್ತಾರೆ. ಅಮ್ಮ ಇಣುಕುತ್ತಾರೆ. ಒಳಗೆ ಅವರದೇ ಕುರ್ಚಿ, ಅವರದೇ ಶಾಲು. ಆದರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

"ತಪ್ಪಾಯ್ತಪ್ಪ, ಇದು ಯಾರದೋ ಮನೆ." ಮಗನ ಮುಖ ನೋಡುತ್ತಾರೆ, ಬಣ್ಣ ಮೆತ್ತಿದ ಕೈ ನೋಡುತ್ತಾರೆ. "ನೀವೂ ಪೇಂಟರಾ? ನನ್ನ ಮಗನೂ ಪೇಂಟರೇ. ನಮ್ಮನೆ ಬಾಗಿಲು ನೋಡ್ಬೇಕು ನೀವು. ಅವನ ಥರ ಇಲ್ಲಿ ಯಾರೂ ಹಚ್ಚಲ್ಲ."

ಪೇಂಟರಣ್ಣ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ.

"ಹೌದಾ ಅಮ್ಮಾ? ಬನ್ನಿ, ಹುಡುಕೋಣ," ಎಂದು ಅವರ ತೋಳು ಹಿಡಿಯುತ್ತಾರೆ.