ಶಾನವಾಜನ ಪೆಟ್ಟಿಗೆಗೆ ಊರು ಹಾಕಿದ ಮುಯ್ಯಿ

ಯಲಬುರ್ಗಾ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ, ಗೋಡೆಯಾಚೆ ಶಾನವಾಜನ ರಿಪೇರಿ ಅಂಗಡಿ. ಮದುವೆಯ ಆಂಪ್ಲಿಫೈಯರ್, ಮಸೀದಿಯ ಮೈಕು, ಭಜನೆಯವರ ಸ್ಪೀಕರು, ಏನು ಕೆಟ್ಟರೂ ಅವನೇ ಬೇಕು. ಕೆಲಸ ಬಂಗಾರ, ಆದರೆ ಅರ್ಧ ಊರಿಗೆ ಪುಕ್ಕಟೆ. ಕೇಳಿದರೆ, “ಇರ್ಲಿ ಬಿಡ್ರಿ ಸುಮಂಗಲಕ್ಕಾ, ನಮ್ಮ ಮಂದಿನ ಅದಾರ” ಅನ್ನುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅವನದು ಬೇರೆಯೇ ಹುಚ್ಚು. ಮಾಡ್ಯುಲರ್ ಸಿಂಥಸೈಸರ್ ಅಂತೆ. ಅಂಗೈಯಗಲದ ಪೆಟ್ಟಿಗೆಗಳು, ಒಂದು ಸದ್ದು ಹುಟ್ಟಿಸುತ್ತದೆ, ಇನ್ನೊಂದು ಅದನ್ನು ತಿರುಚುತ್ತದೆ, ವೈರು ಚುಚ್ಚಿ ಬೇಕಾದ ಹಾಗೆ ಜೋಡಿಸಿಕೊಳ್ಳಬೇಕು. ಅವನು ಹೊಸದಾಗಿ ಮಾಡಿದ್ದು ಹಲಗೆಯ ಸದ್ದಿನದು. ಹಲಗೆಯನ್ನು ಬೆಂಕಿಗೆ ಕಾಯಿಸಿದರೆ ಚರ್ಮ ಬಿಗಿದು ಸದ್ದು ಏರುತ್ತದಲ್ಲ, ಆ ಕಾವನ್ನು ಒಂದು ತಿರುಗಣಿಯಲ್ಲಿ ಕೂಡಿಸಿದ್ದ. ಒಂಟಿಯಾಗಿಯೂ ನುಡಿಯಲಿ ಎಂದು ಒಳಗೊಂದು ಪುಟ್ಟ ಸ್ಪೀಕರು. ಕೇಳಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಇದನ್ನು ಕೊಳ್ಳುವವರು ಯಾರಪ್ಪಾ?

ಅವನ ಅಕ್ಕ ಬಾನುಬೀ ಅದನ್ನೇ ಕೇಳಿದಳು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಅವನಿಗೆ ಎಲೆಕ್ಟ್ರಿಷಿಯನ್ ಕೆಲಸ ಗೊತ್ತು ಮಾಡಿಟ್ಟಿದ್ದಳು.

“ನೋಡಿಬಿಡ್ತೀನಿ ಆಪಾ,” ಅಂದ ಶಾನವಾಜ. “ಬೇಕನ್ನೋರು ಅದಾರೋ ಇಲ್ಲೋ ಅಂತ. ಯಾರಿಗೂ ಬ್ಯಾಡಂದ್ರ ಅಂಗಡಿ ಮುಚ್ಚಿ ಗಂಗಾವತಿಗೆ ಹೋಗ್ತೀನಿ.”

ಅದಕ್ಕೆ ಕ್ರೌಡ್‌ಫಂಡಿಂಗ್ ಎಂಬ ದಾರಿ ಇದೆಯಂತೆ. ವೆಬ್‌ಸೈಟಿನಲ್ಲಿ ಪೆಟ್ಟಿಗೆಯ ವಿಡಿಯೋ ಹಾಕುವುದು, ಬೇಕಾದವರು ಮುಂಗಡ ಕೊಡುವುದು. ಗಡುವಿನೊಳಗೆ ಸಾಕಷ್ಟು ಜನ ಸೇರಿದರೆ ತಯಾರಿಸುವುದು, ಇಲ್ಲದಿದ್ದರೆ ಎಲ್ಲರದ್ದೂ ವಾಪಸ್. ಮೊದಲ ವಾರ ಒಂದು ನೊಣವೂ ಹಾಯಲಿಲ್ಲ. ಹುಡುಗನ ಮುಖ ನೋಡಲಾಗದೆ ಬಾನುಬೀ ಓಣಿಯಲ್ಲೆಲ್ಲ, “ನಮ್ಮ ತಮ್ಮ ಒಂದು ಕಾರ್ಯ ಹಿಡದಾನ್ರಿ, ರೊಕ್ಕ ಫೋನಿನ್ಯಾಗ ಹಾಕೂದೈತಿ” ಎಂದು ಹೇಳಿ ಬಂದಳು.

ಕಾರ್ಯ ಅಂದ ಮೇಲೆ ಮುಗಿಯಿತು! ನಮ್ಮಲ್ಲಿ ಒಬ್ಬರ ಕಾರ್ಯಕ್ಕೆ ಇನ್ನೊಬ್ಬರು ಮುಯ್ಯಿ ಹಾಕದೆ ಇರುತ್ತಾರೆಯೇ? ಕೆಟ್ಟ ಟಿವಿ, ಸುಟ್ಟ ಮಿಕ್ಸಿ ಪುಕ್ಕಟೆ ಮಾಡಿಸಿಕೊಂಡವರೆಲ್ಲ ತೀರಿಸಲು ದಾರಿ ಸಿಕ್ಕಿತೆಂದು ಫೋನು ಒತ್ತಿದರು. ಗಡುವಿಗೆ ಮೊದಲೇ ಗುರಿ ತುಂಬಿತು. ಶಾನವಾಜ ನನ್ನ ಅಂಗಡಿಗೆ ಓಡಿ ಬಂದು ಕುಣಿದ.

“ಮಂದಿಗೆ ಬೇಕಾಗೈತ್ರಿ ಅಕ್ಕಾ! ಬೇಕಾಗೈತಿ!”

ಕುಣಿತ ಸಂಜೆಯ ತನಕವೂ ಉಳಿಯಲಿಲ್ಲ. ಪೆಟ್ಟಿಗೆ ಎಲ್ಲಿಗೆ ತಲುಪಿಸಲಿ ಎಂದು ಭಜನೆಯ ಪಂಪಾಪತಿಯನ್ನು ಕೇಳಿದರೆ, “ಪೆಟಿಗಿ ನನಗ್ಯಾಕೋ? ನಿನ್ನ ಕಾರ್ಯ ಛಲೋ ಆತಲ್ಲ, ಸಾಕು” ಅಂದ. ಎಲ್ಲರದ್ದೂ ಅದೇ ಮಾತು. ಶಾನವಾಜ ಫೋನಿನಲ್ಲಿ ದುಡ್ಡು ಹಾಕಿದವರ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ನೋಡಿದ. ಗುರುತಿಲ್ಲದ ಹೆಸರು ಒಂದೂ ಇರಲಿಲ್ಲ.

“ಇದು ಬೇಡಿಕೀನೋ ಮುಯ್ಯೀನೋ, ನೀವಽ ಹೇಳ್ರಿ ಅಕ್ಕಾ.”

ನನ್ನ ಹೆಸರೂ ಆ ಪಟ್ಟಿಯಲ್ಲಿತ್ತು. ದುಡ್ಡು ವಾಪಸ್ ಕೊಟ್ಟುಬಿಡುತ್ತೇನೆ ಎಂದು ಅವನು ಅಂದಾಗ ಬಾನುಬೀ ಹಣೆ ಬಡಿದುಕೊಂಡಳು. “ಹಾಕಿದ ಮುಯ್ಯಿ ತಿರುಗಿ ಕೊಡ್ತಾರೇನೋ ಯಾರರ? ನಾಳಿ ನಮ್ಮ ಮನಿ ಕಟ್ಟಿ ಯಾರೂ ಹತ್ತಂಗಿಲ್ಲ!” ಅದೂ ನಿಜ. ಕೊಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಕೊನೆಗೆ ಪೆಟ್ಟಿಗೆಗಳನ್ನು ಮಾಡಿಯೇಬಿಟ್ಟ, ಮನೆಮನೆಗೆ ಹೋಗಿ ಕೊಟ್ಟೂ ಬಂದ.

ಆಮೇಲೆ ಹೇಗಿದೆ ಎಂದು ಅವನು ಕೇಳಿದರೆ ಎಲ್ಲರೂ ಛಲೋ ಐತಿ ಅಂದರು, ಭಾಳ ಛಲೋ ಐತಿ ಅಂದರು. ಪಂಪಾಪತಿಯ ಮನೆಯ ಶೋಕೇಸಿನಲ್ಲಿ ಅದು ಅಂಟಿಸಿದ ಟೇಪು ಕೀಳದೆ ಕುಳಿತಿತ್ತು. ನನ್ನದು ಬಟ್ಟೆಯ ಗಂಟಿನ ಕೆಳಗೆಲ್ಲೋ ಇತ್ತು, ಅದರ ಮಾತು ಬೇಡ. ಶಾನವಾಜ ಸೋಮವಾರ ಬರುತ್ತೇನೆ ಎಂದು ಗಿರಣಿಗೆ ಫೋನು ಮಾಡಿದ. ಅವನು ಚೀಲ ತುಂಬುವುದನ್ನು ನೋಡಿ ನನಗೆ ಸಂಕಟವಾಯಿತು.

ಆಗ ರೊಟ್ಟಿ ಮಾರುವ ಫಕೀರಮ್ಮ ಬುಸುಗುಡುತ್ತ ಬಂದಳು. ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಏನೋ ಭಾಡ್ಯಾ, ಇದೇನು ಸಾಮಾನು ಮಾಡೀದಿ? ತಿರುಗಣಿ ಕೈಯಾಗ ಬಂತು ನೋಡು!”

ಶಾನವಾಜ ಪೆಟ್ಟಿಗೆಯನ್ನು ಎತ್ತಿ ನೋಡಿದ. ಮೂಲೆಗಳಲ್ಲೆಲ್ಲ ಜೋಳದ ಹಿಟ್ಟು.

“ಇದನ್ನ ಬಾರಸ್ತೀಯೇನು, ಯಮ್ಮಾ?”

“ಮತ್ತೇನು ಪೂಜಿ ಮಾಡ್ತಾರೇನು? ರೊಟ್ಟಿ ಬಡಿಯೂಮುಂದ ಹಚ್ಚಿರ್ತೀನಿ. ಹಂಚು ಕಾದಂಗ ಅದನ್ನೂ ಏರಸ್ತೀನಿ. ಇವತ್ತು ಸುಮ್ಮನ ಕುಂತೈತಿ, ಬ್ಯಾಸರಾತು ನನಗ.”

ಆದರೂ ಆ ಒಂದು ಮಾತು ಕೇಳದೆ ಅವನಿಂದ ಇರಲಾಗಲಿಲ್ಲ.

“ಖರೇ ಹೇಳು ಯಮ್ಮಾ. ರೊಕ್ಕ ಹಾಕಿದಾಗ ಇದು ನಿನಗ ಬೇಕಾಗಿತ್ತೇನು?”

“ಹುಚ್ಚಪ್ಯಾಲಿ! ಇದು ಏನಂತ ಆವಾಗ ನನಗೆಲ್ಲಿ ಗೊತ್ತಿತ್ತೋ? ಈಗ ಬೇಕಾಗೈತಿ.”

ಶಾನವಾಜ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇದನ್ನು ಯಾವ ಲೆಕ್ಕಕ್ಕೆ ಹಾಕಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಫಕೀರಮ್ಮ ಮಾತ್ರ ಸ್ಟೂಲು ಎಳೆದುಕೊಂಡು ಗಟ್ಟಿಯಾಗಿ ಕುಳಿತಳು.

“ಜಲ್ದಿ ಮಾಡಿಕೊಡು. ಹಿಟ್ಟು ನಾದಿಟ್ಟು ಬಂದೀನಿ.”

ಅವನು ಕಟ್ಟಿದ್ದ ಚೀಲ ಬಿಚ್ಚಿ ಸ್ಕ್ರೂಡ್ರೈವರ್ ಹೊರಗೆ ತೆಗೆದ.