ಮಿಲ್ಲು ಬಂದ್

ಗುಯ್ಯೆಂದು ತೆಳ್ಳಗೆ ಶುರುವಾಗುತ್ತಿದ್ದ ಸದ್ದು, ಭತ್ತ ಬಿದ್ದೊಡನೆ ದಪ್ಪ ದನಿಗೆ ಇಳಿಯುತ್ತಿತ್ತು. ಅದು ಹಲ್ಲರ್, ಭತ್ತದ ಸಿಪ್ಪೆ ಬಿಡಿಸುವ ಯಂತ್ರ. ಕೋವಿಡ್ ಮುಗಿದ ಮರುವರ್ಷದ ಮಾತು. ಸರ್ಕಾರಿ ಆಸ್ಪತ್ರೆಯಿಂದ ರಿಟೈರ್ ಆಗಿದ್ದ ನಾನು ಸಿದ್ದಾಪುರ ಕಡೆಯ ಒಂದು ಹಳ್ಳಿಯಲ್ಲಿ ವಾರಕ್ಕೊಮ್ಮೆ ಹೆಂಗಸರ ಕ್ಲಿನಿಕ್ ನಡೆಸುತ್ತಿದ್ದೆ. ಗೋಡೆಯ ಆಚೆಗೇ ಮಹಿಳಾ ಸಂಘದ ಪುಟ್ಟ ಅಕ್ಕಿ ಮಿಲ್ಲು.

ಮೊದಲ ವಾರಗಳಲ್ಲಿ ಒಬ್ಬಳು ಬಂದು, "ಡಾಕ್ಟ್ರಮ್ಮ, ನಂದು ಮಿಲ್ಲು ಬಂದಾದಾಗೆಲ್ಲ ಹೊಟ್ಟೆನೋವು" ಎಂದಳು. ಅಕ್ಕಿ ಬೇರೆ ಮಿಲ್ಲಿನಲ್ಲಿ ಮಾಡಿಸಬಹುದಲ್ಲ ಎಂದೆ ನಾನು. ನರ್ಸ್ ಬಾಯಿಗೆ ಸೆರಗು ಒತ್ತಿ ನಕ್ಕಳು. ಆ ಊರಲ್ಲಿ ಮುಟ್ಟಿಗೆ ಅದೇ ಹೆಸರು. ನಮ್ಮ ಕಾನ್ವೆಂಟಿನಲ್ಲಿ 'ಅನ್‌ವೆಲ್' ಎಂದರೆ ಮುಗಿಯುತ್ತಿತ್ತು. ಎಷ್ಟು ಡೀಸೆಂಟಾದ, ಏನೂ ಹೇಳದ ಶಬ್ದ.

ಈ ಹೆಸರು ಬಂದದ್ದು ನಾಗವೇಣಿಯಿಂದ. ಒನಕೆಯ ಕಾಲದಲ್ಲಿ ಭತ್ತ ಕುಟ್ಟುವುದು ಹೆಂಗಸರ ಕೆಲಸವಾಗಿತ್ತು. ಮಶಿನ್ ಬಂದ ಮೇಲೆ ಸ್ವಿಚ್ಚು ಗಂಡಸರ ಪಾಲಾಗಿ, ಕೇರುವ ಮೊರ, ಅಲ್ಲಿಯವರ ಗೆರಸಿ, ಮಾತ್ರ ಹೆಂಗಸರಿಗೆ ಉಳಿಯಿತು. ಸಂಘದವರು ಧೈರ್ಯ ಮಾಡಿ, ಗಂಡನನ್ನು ಕಳೆದುಕೊಂಡು ಮಗಳನ್ನು ಓದಿಸುತ್ತಿದ್ದ ನಾಗವೇಣಿಗೆ ಟ್ರೇನಿಂಗ್ ಕೊಡಿಸಿ ಆಪರೇಟರ್ ಮಾಡಿದ್ದರು. ಭತ್ತ ಕಳಿಸುವ ಮನೆಗಳವರು ಒಂದು ಷರತ್ತು ಹಾಕಿದರು: ದೇವರ ನೈವೇದ್ಯಕ್ಕೂ ಇದೇ ಅಕ್ಕಿ, ತಿಂಗಳಲ್ಲಿ ಅವಳ ಆ ಮೂರು ದಿನ ಮಿಲ್ಲು ಮುಚ್ಚಬೇಕು. ಹಾಗೆ ಅವಳ ಮೈಯ ಕ್ಯಾಲೆಂಡರ್ ಊರಿಗೆಲ್ಲ ಪಬ್ಲಿಕ್ ಆಯಿತು.

ಒಂದು ಮಧ್ಯಾಹ್ನ ಅವಳೇ ಬಂದು ಕುಳಿತಳು. ಹುಬ್ಬಿನ ಮೇಲೆಲ್ಲ ತೌಡು.

"ಮುಟ್ಟು ಬರೋ ಹಾಂಗೆ ಎಂತಾದ್ರೂ ಗುಳಿಗೆ ಕೊಡಿ ಡಾಕ್ಟ್ರಮ್ಮ."

ಕೆಲವು ತಿಂಗಳಿಂದ ನಿಂತಿತ್ತು. ಮೊದಮೊದಲು ಅವಳಿಗೆ ಖುಷಿಯೇ ಆಗಿತ್ತು, ತಿಂಗಳಿಡೀ ಕೆಲಸ ಸಿಗುತ್ತದೆಂದು. ಆದರೆ ಮಿಲ್ಲು ಮುಚ್ಚದ್ದನ್ನು ಊರು ಗಮನಿಸುತ್ತಿತ್ತು. "ಕರೆಂಟು ಹೋದ್ರೆ ಹಲ್ಲರು ನಿಲ್ತದೆ. ನಿಂದು ಯಾರು ಬಂದು ನಿಲ್ಸಿದ್ದು ಮಾರಾಯ್ತಿ?" ಎಂದು ಭತ್ತ ತಂದವನೊಬ್ಬ ಎಲ್ಲರೆದುರು ಕೇಳಿದ್ದನಂತೆ. ನಕ್ಕವರಲ್ಲಿ ಹೆಂಗಸರೂ ಇದ್ದರು.

"ಸುಮ್ಮನೆ ಮೂರು ದಿನ ಬಾಗಿಲು ಹಾಕಬಾರದಿತ್ತೇನೇ?" ಎಂದೆ.

"ಈಗ ಹಾಕಿದ್ರೆ, ಹೊಟ್ಟೇಲಿದ್ದದ್ದು ತೆಗೆಸ್ಕಂಡು ಬಂದ್ಲು ಅಂತ್ರು."

ಶಿರಸಿಯಲ್ಲಿ ಸ್ಕ್ಯಾನಿಂಗ್, ರಕ್ತಪರೀಕ್ಷೆ ಮಾಡಿಸಿದೆ. ಬಸಿರಲ್ಲ. ಅಂಡಾಶಯವನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನ್ ಎಫ್‌ಎಸ್‌ಎಚ್ ವಿಪರೀತ ಏರಿತ್ತು. ಎಷ್ಟು ಎಬ್ಬಿಸಿದರೂ ಅಂಡಾಶಯ ಏಳುತ್ತಿರಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ನೋಡಿದರೂ ಅದೇ. ಪ್ರಿಮೆಚ್ಯೂರ್ ಮೆನೋಪಾಸ್, ಅಂದರೆ ನಲವತ್ತಕ್ಕೂ ಮೊದಲೇ ಮುಟ್ಟು ನಿಲ್ಲುವುದು. ಅವಳಿಗೆ ಮೂವತ್ತೆಂಟು. ಎಲುಬು ಸವೆಯದಂತೆ ಚಿಕಿತ್ಸೆ ಶುರುಮಾಡಿದೆ. ಅವಳು ಕೇಳಿದ್ದು ಒಂದೇ: "ಇದನ್ನ ಸಂಘದಲ್ಲಿ ನೀವೇ ಹೇಳ್ತ್ರಾ?"

ಮೀಟಿಂಗಿನಲ್ಲಿ ಹೇಳಿದೆ. ಅಷ್ಟರೊಳಗೆ, ಅವಳು ಶಿರಸಿಗೆ ಅಲೆಯುತ್ತಿದ್ದಾಗ, 'ತಾತ್ಕಾಲಿಕ' ಎಂದು ಒಬ್ಬ ಗಂಡಸನ್ನು ಮಿಲ್ಲಿಗೆ ಇಟ್ಟುಕೊಂಡಾಗಿತ್ತು. ಅಧ್ಯಕ್ಷೆ ಸರಸಕ್ಕ ತಲೆಯಾಡಿಸಿದರು.

"ಆನು ನಂಬ್ತೆ ಡಾಕ್ಟ್ರೇ. ಭತ್ತ ಕಳಿಸವ್ರು ನಂಬ್ತ್ವಿಲ್ಲೆ. ಇಂವ ಬಂದ ಮೇಲೆ ಒಂದು ದಿನವೂ ಬಂದ್ ಮಾಡಿದ್ದಿಲ್ಲೆ."

ಬಾಗಿಲ ಹತ್ತಿರ ನಿಂತಿದ್ದ ನಾಗವೇಣಿ ಮೆಲ್ಲಗೆ, "ಇನ್ನು ನಂದೂ ಬಂದ್ ಇಲ್ಲಲ್ಲ, ಸರಸಕ್ಕ" ಎಂದಳು.

ಒಬ್ಬಳು ಚಹಾದ ಲೋಟಗಳನ್ನು ಎತ್ತತೊಡಗಿದಳು.

ಡಯಾಗ್ನೋಸಿಸ್ ಸರಿಯಾದರೆ ಅರ್ಧ ಗೆದ್ದಂತೆ ಎಂದು ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಸರಿಯಾದ ಡಯಾಗ್ನೋಸಿಸ್ಸಿಗೂ ರೋಗಿಯ ಬದುಕಿಗೂ ನಡುವೆ ಒಂದು ಇಡೀ ಊರು ಇರುತ್ತದೆ ಎಂದು ಕಲಿಸಿದ್ದು ಈ ಕೇಸು.

ಮೊಣಕಾಲು ನೋವಿನಿಂದ ನಾನು ಕ್ಲಿನಿಕ್ ನಿಲ್ಲಿಸಿದ ದಿನ ಅವಳನ್ನು ಕೊನೆಯ ಸಲ ನೋಡಿದೆ. ಮಿಲ್ಲಿನ ಜಗಲಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಅಕ್ಕಿ ಕೇರುತ್ತಿದ್ದಳು. ಮಗಳು ಕಾಲೇಜು ಬಿಟ್ಟು ಬಟ್ಟೆ ಅಂಗಡಿ ಸೇರಿದ್ದಾಳೆಂದು, ನನ್ನ ಮುಖ ನೋಡದೆ ಹೇಳಿದಳು. ಒಳಗಿನಿಂದ ಆ ಗಂಡಸು, "ನಾಗಕ್ಕಾ, ಬೆಲ್ಟು ಮತ್ತೆ ಜಾರ್ತಾ ಇದ್ದು, ಚೂರು ನೋಡು ಬಾ" ಎಂದು ಕರೆದ. ಎದ್ದುಹೋಗಿ, ಸರಿಮಾಡಿಕೊಟ್ಟು, ಹೊರಗೆ ಬಂದು ಮತ್ತೆ ಗೆರಸಿ ಎತ್ತಿಕೊಂಡಳು.